ಕ್ಸೆನಾನ್ ಪೆಟ್ಟಿಗೆಗೆ ಇಟ್ಟ ಕುಂಕುಮ

ಏನು ಕೆಲಸ ಮಾಡ್ತೀಯಮ್ಮಾ ಎಂದು ಯಾರಾದರೂ ಕೇಳಿದರೆ ಸರಸಳಿಗೆ ಉತ್ತರ ಹೇಳುವ ಮೊದಲೇ ಸುಸ್ತಾಗುತ್ತಿತ್ತು. ಪುರಸೈವಾಕ್ಕಂನ ಮನೆಯಲ್ಲಿ ಕೆಳಗಿನ ಪೋರ್ಷನ್ನಿನ ಜಯಲಕ್ಷ್ಮಮ್ಮ ಇವಳನ್ನು ತಂತಿ ಕಾರ್ಖಾನೆಯವಳು ಎಂದು ತೀರ್ಮಾನಿಸಿ ಹನ್ನೊಂದು ವರ್ಷವಾಗಿತ್ತು. ಒಂದು ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ. ಚೆನ್ನೈನ ದಕ್ಷಿಣದ ಅಂಚಿನಲ್ಲಿದ್ದ ಒಂದು ಸಂಶೋಧನಾ ಸಂಸ್ಥೆಯಲ್ಲಿ, ಗಾಜಿನ ಬಾಗಿಲ ಹಿಂದೆ, ತಲೆಗೆ ಬಟ್ಟೆ ಕಟ್ಟಿಕೊಂಡು ಕೂತು ಇಪ್ಪತ್ತಮೂರು ವರ್ಷದಿಂದ ಅವಳು ತಂತಿಯನ್ನೇ ಕಟ್ಟುತ್ತಿದ್ದಳು. ಚಿನ್ನದ ಲೇಪದ ಟಂಗ್‌ಸ್ಟನ್ ತಂತಿ, ತಲೆಗೂದಲಿನ ಅರ್ಧದಷ್ಟೂ ದಪ್ಪವಿಲ್ಲ. ಒಂದು ತುದಿಗೆ ಬೆಸುಗೆ ಹಾಕಿ, ಇನ್ನೊಂದು ತುದಿಗೆ ಮೂವತ್ತು ಗ್ರಾಂ ತೂಕ ಇಳಿಬಿಟ್ಟು, ಅದು ತೂಗಾಡುವುದನ್ನು ನಿಲ್ಲಿಸುವ ತನಕ ಉಸಿರು ಬಿಗಿಹಿಡಿದು ಕಾದು, ಆಮೇಲೆ ಆ ತುದಿಗೂ ಬೆಸುಗೆ ಹಾಕಬೇಕು. ಕೈ ನಡುಗಿದರೆ ಮುಗಿಯಿತು, ಮೊದಲಿಂದ ಶುರು. ಸರಸಳ ಕೈ ನಡುಗಿದ್ದನ್ನು ನೋಡಿದವರು ಆ ಸಂಸ್ಥೆಯಲ್ಲಿ ಯಾರೂ ಇರಲಿಲ್ಲ.

ಈ ತಂತಿಗಳು ಹೋಗಿ ಸೇರುತ್ತಿದ್ದದ್ದು ಸೂಟ್‌ಕೇಸಿನಷ್ಟು ದೊಡ್ಡ ಒಂದು ಅಲ್ಯುಮಿನಿಯಂ ಪೆಟ್ಟಿಗೆಯೊಳಕ್ಕೆ. ಅದರಲ್ಲಿ ಕ್ಸೆನಾನ್ ಅನಿಲ ತುಂಬುತ್ತಾರೆ. ಆಕಾಶದಲ್ಲಿ ಕೆಲವು ನಕ್ಷತ್ರಗಳು ಎಕ್ಸ್-ಕಿರಣ ಸೂಸುತ್ತವಂತೆ, ಆದರೆ ಅವು ನೆಲ ಮುಟ್ಟುವ ಮೊದಲೇ ವಾಯುಮಂಡಲ ನುಂಗಿಬಿಡುತ್ತದೆ. ಅದಕ್ಕೇ ಪೆಟ್ಟಿಗೆಯನ್ನು ದೊಡ್ಡ ಬಲೂನಿಗೆ ಕಟ್ಟಿ ನಲವತ್ತು ಕಿಲೋಮೀಟರು ಮೇಲಕ್ಕೆ ಕಳಿಸುವುದು. ಅಲ್ಲಿ ಒಂದು ಕಿರಣ ತೆಳ್ಳನೆಯ ಮುಚ್ಚಳ ದಾಟಿ ಒಳಗೆ ಬಂದು ಅನಿಲದ ಪರಮಾಣುವಿಗೆ ಬಡಿದರೆ, ಎಲೆಕ್ಟ್ರಾನುಗಳು ಸಿಡಿದು ತಂತಿಯ ಕಡೆ ಓಡುತ್ತವೆ. ತಂತಿಯ ಹತ್ತಿರ ಸೆಳೆತ ಎಷ್ಟು ಜೋರೆಂದರೆ ಒಂದು ಎಲೆಕ್ಟ್ರಾನು ದಾರಿಯಲ್ಲಿ ಸಿಕ್ಕಿದ್ದಕ್ಕೆಲ್ಲ ಗುದ್ದಿ ಸಾವಿರಾರು ಆಗಿಬಿಡುತ್ತದೆ. ಆಗ ತಂತಿಯಲ್ಲಿ ಒಂದು ಮಿಡಿತ. ಮಿಡಿತ ಎಷ್ಟು ದೊಡ್ಡದೋ, ಬಂದ ಕಿರಣಕ್ಕೆ ಅಷ್ಟು ಕಸುವು. ಅಂಚಿನ ತಂತಿಗಳದು ಕಾವಲು ಕೆಲಸ. ಎರಡು ತಂತಿ ಒಟ್ಟಿಗೆ ಮಿಡಿದರೆ ಅದು ಪೆಟ್ಟಿಗೆಯನ್ನು ಅಡ್ಡಡ್ಡ ಸೀಳಿಕೊಂಡು ಹೋದ ಬೇರೇನೋ ಕಣ, ತೆಗೆದು ಬಿಸಾಡು. ಒಂಟಿಯಾಗಿ ಮಿಡಿದದ್ದಕ್ಕೆ ಮಾತ್ರ ಲೆಕ್ಕ. ಒಂಟಿಯಾಗಿ ಬಂದವರಿಗೆ ಇಷ್ಟು ಮರ್ಯಾದೆ ಕೊಡುವುದು ಇಡೀ ಊರಿನಲ್ಲಿ ಈ ಪೆಟ್ಟಿಗೆ ಒಂದೇ ಎಂದು ಅಂದುಕೊಂಡು ಸರಸ ಮೂಗಿನಲ್ಲೇ ನಕ್ಕದ್ದುಂಟು.

ನಗದೆ ಇನ್ನೇನು ಮಾಡುತ್ತಾಳೆ? ಐವತ್ತೊಂದು ವರ್ಷ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಹಾಸಿಗೆ ಹಿಡಿದದ್ದು, ಅಮ್ಮನಿಗೆ ಕಣ್ಣು ಹೋದದ್ದು, ಎಲ್ಲ ಮುಗಿದು ತಿರುಗಿ ನೋಡುವ ಹೊತ್ತಿಗೆ ಮದುವೆಯ ಮಾತೆತ್ತುವವರೇ ಉಳಿದಿರಲಿಲ್ಲ. ಅರಕ್ಕೋಣಂನಲ್ಲಿದ್ದ ತಮ್ಮ ದೀಪಾವಳಿಗೆ ಬಾ ಎನ್ನುತ್ತಿದ್ದ, ಇವಳು ಹೋಗಿ ಮಾರನೆಯ ದಿನವೇ ವಾಪಸಾಗುತ್ತಿದ್ದಳು. ಸಂಸ್ಥೆಯಲ್ಲಿ ಅವಳ ಮೇಲೆ ಗೌರವವಿತ್ತು. ಗೌರವ ಇದ್ದ ಕಡೆ ಪಕ್ಕದಲ್ಲಿ ಬಂದು ಕೂರುವವರು ಕಡಿಮೆ. ಸ್ಟೋರಿನ ಹಿಂದಿನ ಕಲ್ಲುಬೆಂಚಿನ ಮೇಲೆ ಇಪ್ಪತ್ತೆರಡು ವರ್ಷ ಅವಳು ಒಬ್ಬಳೇ ಊಟ ಮಾಡಿದಳು.

ಆಮೇಲೆ ಹರ್ಷಿಣಿ ಬಂದಳು. ಅಣ್ಣಾ ನಗರದ ಹುಡುಗಿ, ಅಪ್ಪ ಬ್ಯಾಂಕಿನವರು, ವಯಸ್ಸು ಇಪ್ಪತ್ತಾರು, ಎರಡು ವರ್ಷದ ತಾತ್ಕಾಲಿಕ ಹುದ್ದೆಯ ಎಂಜಿನಿಯರ್. ಸರಸಳ ಹಾಗೆ ಮನೆಮಾತು ಕನ್ನಡವೇ, ಆದರೆ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಬಂದ ಮೂರನೆಯ ದಿನ ಕಲ್ಲುಬೆಂಚಿಗೆ ಬಂದು ಸರಸಳ ಡಬ್ಬಿಯೊಳಗೆ ಇಣುಕಿ, ನಮ್ಮಜ್ಜಿ ಮಾಡೋ ಹುಳಿ ಥರಾನೇ ವಾಸನೆ ಬರ್ತಿದೆ ಎಂದು ತಮಿಳಿನಲ್ಲಿ ಹೇಳಿ, ಹೇಳದೆ ಕೇಳದೆ ಕೂತುಬಿಟ್ಟಳು. ಮಾರನೆಯ ದಿನದಿಂದ ಸರಸ ಎರಡು ಡಬ್ಬಿ ಹುಳಿ ತರತೊಡಗಿದಳು. ಒಂದೂವರೆ ವರ್ಷದಲ್ಲಿ ಹುಡುಗಿಯ ಬಾಯಲ್ಲಿ ಕನ್ನಡ ಕೂತಿತು, ನಡುವೆ ತಮಿಳು ಇಣುಕುವುದು ಮಾತ್ರ ಬಿಡಲಿಲ್ಲ.

"ಆಂಟಿ, ನಾನು ಇವತ್ತು ಬಸ್ಸನ್ನ ಬಿಟ್ಟುಟ್ಟೆ."

"ಬಿಟ್ಟುಟ್ಟೆ ಅಲ್ವೇ, ಬಸ್ಸು ತಪ್ಪಿಹೋಯ್ತು ಅನ್ನು."

"ಶೆರಿ, ತಪ್ಪಿಹೋಯ್ತು. ಹುಳಿ ಹಾಕಿ, ಹಸಿವು."

ಬೆಳಗ್ಗೆ ಬಸ್ಸಿನಲ್ಲಿ ನಿಂತಾಗಲೇ ಸರಸ ಮಧ್ಯಾಹ್ನ ಒಂದು ಗಂಟೆಯ ಊಟಕ್ಕೆ ಕಾಯತೊಡಗುತ್ತಿದ್ದಳು. ಅದನ್ನು ತನಗೆ ತಾನೇ ಒಪ್ಪಿಕೊಳ್ಳಲು ಅವಳಿಗೆ ನಾಚಿಕೆಯಾಗುತ್ತಿತ್ತು.

ತೊಂಬತ್ತೊಂಬತ್ತರಲ್ಲಿ ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರ್ ಕಮಲಾಕರ ಎಲ್ಲರನ್ನೂ ಕರೆದು, ಇದು ನಮ್ಮ ಕೊನೆಯ ಅನಿಲದ ಪೆಟ್ಟಿಗೆ ಎಂದರು. ಇನ್ನು ಮುಂದೆ ಎಲ್ಲ ಸಿಲಿಕಾನ್ ಚಿಪ್ಪುಗಳ ಕಾಲ, ಈ ಪೆಟ್ಟಿಗೆ ಬರುವ ಮಾರ್ಚಿನಲ್ಲಿ ಹೈದರಾಬಾದಿನಿಂದ ಹಾರಬೇಕು, ಬೇಸಿಗೆಯಲ್ಲಿ ಮೇಲುಗಾಳಿ ದಿಕ್ಕು ಬದಲಿಸಿದರೆ ಮತ್ತೆ ಅವಕಾಶವಿಲ್ಲ. ಕೆಲಸ ಎಂದಿನ ಹಾಗೇ ಹಂಚಿಕೆಯಾಯಿತು. ಒಳಗಿನ ತಂತಿ, ಚೌಕಟ್ಟು ಸರಸಳದು. ಮುಚ್ಚಳ ಕೂರಿಸಿ, ರಬ್ಬರ್ ಬಳೆ ಹಾಕಿ, ಗಾಳಿ ನುಸುಳದಂತೆ ಬಿಗಿಯುವುದು ಹರ್ಷಿಣಿಯದು.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಸಂಸ್ಥೆಯ ಬಾಗಿಲಿಗೆ ಬಾಳೆಕಂದು ಕಟ್ಟಿ, ಲೇತ್ ಯಂತ್ರಕ್ಕೆ, ಪಂಪಿಗೆ, ಅನಿಲದ ಸಿಲಿಂಡರುಗಳಿಗೆ, ಕಡೆಗೆ ಜೆರಾಕ್ಸ್ ಮಷೀನಿಗೂ ಗಂಧ ಕುಂಕುಮ ಇಟ್ಟರು. ದೇವರನ್ನು ನಂಬದ ಕಮಲಾಕರರೂ ಚಪ್ಪಲಿ ಬಿಟ್ಟು ನಿಂತರು. ಅವರದು ಒಂದೇ ಕಟ್ಟಪ್ಪಣೆ: ಪೂಜೆ ಏನಿದ್ದರೂ ಗಾಜಿನ ಬಾಗಿಲ ಈಚೆಗೆ. ಆಚೆಗೆ ಒಂದು ಚಿಟಿಕೆ ಕುಂಕುಮವೂ ಹೋಗಕೂಡದು. ಇಪ್ಪತ್ತಮೂರು ವರ್ಷ ಆ ಅಪ್ಪಣೆ ಎಲ್ಲರಿಗಿಂತ ಚೆನ್ನಾಗಿ ಪಾಲಿಸಿದವಳು ಸರಸ.

ಆ ದಿನ ಎಲ್ಲರೂ ವರಾಂಡದಲ್ಲಿ ಪುರಿ ಕಡಲೆ ತಿನ್ನುತ್ತ ಗಲಾಟೆ ಮಾಡುತ್ತಿದ್ದಾಗ ಅವಳು ಒಬ್ಬಳೇ ಒಳಗೆ ಬಂದಳು. ಪೆಟ್ಟಿಗೆ ತೆರೆದೇ ಇತ್ತು, ಅರವತ್ತನಾಲ್ಕು ತಂತಿಗಳೂ ಕೂತಿದ್ದವು, ಎರಡು ದಿನದಲ್ಲಿ ಮುಚ್ಚಳ ಬೀಳುವುದಿತ್ತು. ಇದರ ನಂತರ ತನ್ನ ಕೈಯಿಂದ ಇನ್ನೊಂದು ಹುಟ್ಟುವುದಿಲ್ಲ. ಜೆರಾಕ್ಸ್ ಮಷೀನಿಗೂ ಬೊಟ್ಟು ಇಟ್ಟರು, ಇದಕ್ಕೆ ಇಲ್ಲವಲ್ಲ ಎಂದು ಸಿಟ್ಟೂ ಬಂತು. ಸರಸಳ ಮನೆಯಲ್ಲಿ ಹೊಲಿಗೆ ಮಷೀನಿಗೆ ಅಮ್ಮ ಇಡುತ್ತಿದ್ದ ಕುಂಕುಮ ಬರೀ ನೀರಿನದಲ್ಲ. ಕಬ್ಬಿಣದ ಮೇಲೆ ನಿಲ್ಲಲಿ ಎಂದು ಎಳ್ಳೆಣ್ಣೆಯಲ್ಲಿ ಕಲಸಿದ್ದು. ಸಂಸ್ಥೆಗೂ ಪ್ರತಿವರ್ಷ ಅದನ್ನೇ ಕಲಸಿ ತರುತ್ತಿದ್ದವಳು ಸರಸಳೇ. ಅವಳು ಬಲಗೈಯ ಕೈಗವಸು ಕಳಚಿ, ಉಂಗುರದ ಬೆರಳಿನಿಂದ, ಚೌಕಟ್ಟಿನ ಒಳಬದಿಯಲ್ಲಿ ಯಾರ ಕಣ್ಣಿಗೂ ಬೀಳದ ಮೂಲೆಗೆ ಒಂದು ಬೊಟ್ಟು ಇಟ್ಟಳು. ಸಾಸಿವೆಗಿಂತ ಒಂಚೂರು ದೊಡ್ಡದು. ಹೊರಗೆ ಬಂದು ಪುರಿ ತಿಂದಳು.

ಪೆಟ್ಟಿಗೆ ಮುಚ್ಚಿ, ಹತ್ತು ದಿನ ಬಿಸಿಯಲ್ಲಿಟ್ಟು ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಕ್ಸೆನಾನ್ ತುಂಬಿದರು. ಪರೀಕ್ಷೆ ಮಾಡುವ ಕ್ರಮ ಸುಲಭ. ನಾಣ್ಯದಷ್ಟು ಚಿಕ್ಕ ವಿಕಿರಣದ ಬಿಲ್ಲೆಯನ್ನು ಮುಚ್ಚಳದ ಮೇಲೆ ಹಿಡಿಯುತ್ತಾರೆ. ಅದರಿಂದ ಬರುವ ಕಿರಣದ ಕಸುವು ಎಷ್ಟೆಂದು ಮೊದಲೇ ಗೊತ್ತು. ಎಲ್ಲ ಮಿಡಿತಗಳೂ ಹೆಚ್ಚುಕಡಿಮೆ ಒಂದೇ ಅಳತೆ ಬಂದು ಕಂಪ್ಯೂಟರ್ ತೆರೆಯ ಮೇಲೆ ಕಡಿದಾದ ಒಂದು ಶಿಖರ ಎದ್ದರೆ ಪೆಟ್ಟಿಗೆ ಆರೋಗ್ಯವಾಗಿದೆ ಎಂದರ್ಥ. ನವೆಂಬರ್ ಮೊದಲ ವಾರ ಶಿಖರ ನೆಟ್ಟಗೆ ನಿಂತಿತು. ಮೂರನೆಯ ವಾರ ಭುಜ ಇಳಿಬಿಟ್ಟಿತು. ಡಿಸೆಂಬರ್ ಹೊತ್ತಿಗೆ ತೇವ ತಗುಲಿದ ಉಪ್ಪಿನ ರಾಶಿಯ ಹಾಗೆ ಅಗಲಕ್ಕೆ ಕುಸಿಯಿತು. ಹೀಗಿದ್ದರೆ ಮೇಲೆ ಹೋಗಿ ಅಳೆದದ್ದು ಯಾವ ಪ್ರಯೋಜನಕ್ಕೂ ಬರುವುದಿಲ್ಲ.

ಕಮಲಾಕರ ಎಲ್ಲರನ್ನೂ ಸೇರಿಸಿದರು.

"ಎಲೆಕ್ಟ್ರಾನುಗಳು ತಂತಿ ಮುಟ್ಟೋ ಮೊದಲೇ ದಾರೀಲಿ ಯಾವುದೋ ಕಲ್ಮಶ ಅವನ್ನ ನುಂಗ್ತಾ ಇದೆ. ಒಂದೋ ಹೊರಗಿನ ಗಾಳಿ ಒಳಗೆ ಹೋಗ್ತಿದೆ, ಇಲ್ಲಾ ಒಳಗೇ ಏನೋ ಕೂತು ಆವಿ ಬಿಡ್ತಿದೆ. ಒಳಗಿಂದು ಸರಸಾ ಅವರ ಕೆಲಸ, ಅದನ್ನ ಬಿಟ್ಟುಬಿಡಿ. ಉಳಿದದ್ದು ಸೀಲು."

ಎಲ್ಲರೂ ಹರ್ಷಿಣಿಯ ಕಡೆ ನೋಡಿದರು. ಹುಡುಗಿಯ ಮುಖ ಬಿಳಿಚಿಕೊಂಡಿತು. ಸರಸಳಿಗೆ ಮಾತ್ರ ಆ ಗಳಿಗೆಯಲ್ಲಿ ಎಳ್ಳೆಣ್ಣೆಯ ವಾಸನೆ ಬಂದಂತಾಯಿತು. ಹತ್ತು ದಿನದ ಬಿಸಿಗೂ ಪಂಪಿಗೂ ಜಗ್ಗದೆ ಆ ಬೊಟ್ಟಿನ ಎಣ್ಣೆ ಒಳಗೇ ಕೂತು ಉಸಿರಾಡುತ್ತಿದೆ. ಅವಳಿಗೆ ಅದರಲ್ಲಿ ಅನುಮಾನವೇ ಉಳಿಯಲಿಲ್ಲ. ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಹೀಲಿಯಂ ಊದಿ ಸೋರಿಕೆ ಹುಡುಕಿದರು, ಸಿಗಲಿಲ್ಲ. ಸಿಗದಷ್ಟು ಸಣ್ಣ ಸೋರಿಕೆ ಎಂದು ಹರ್ಷಿಣಿಯ ತಲೆಗೇ ಕಟ್ಟಿದರು. ಅವಳ ಹುದ್ದೆಯ ಅವಧಿ ಜನವರಿಗೆ ಮುಗಿಯುತ್ತಿತ್ತು. ಮುಂದುವರಿಸಬೇಕೆಂದು ಕಮಲಾಕರ ಪತ್ರ ಬರೆಯಬೇಕು. ನೋಡೋಣ ಎಂದಷ್ಟೇ ಹೇಳಿ ಅವರು ಕಡತ ಪಕ್ಕಕ್ಕಿಟ್ಟಿದ್ದರು. ಮಧ್ಯಾಹ್ನ ಕಲ್ಲುಬೆಂಚಿನ ಮೇಲೆ ಹುಡುಗಿ ತುತ್ತು ನುಂಗಲಾಗದೆ ಕೂರುತ್ತಿದ್ದಳು.

"ಆ ಬಳೇನ ನಾನು ಮೂರು ಸಲ ತೆಗೆದು ಒರೆಸಿ ಹಾಕಿದೆ ಆಂಟಿ. ಲೆನ್ಸಲ್ಲಿ ನೋಡಿದೆ. ಒಂದು ಕೂದಲು ಕೂಡ ಇರಲಿಲ್ಲ. ನನ್ನ ಕೈ ಅಷ್ಟು ಕೆಟ್ಟದ್ದಾ?"

"ಏನೂ ಆಗಲ್ಲ ಬಿಡು ಮಗೂ. ಊಟ ಮಾಡು."

ಹೀಗೆ ನಾಲ್ಕು ವಾರ. ಪ್ರತಿರಾತ್ರಿ ನಾಳೆ ಹೇಳಿಬಿಡುತ್ತೇನೆ ಎಂದುಕೊಂಡು ಮಲಗುವುದು, ಬೆಳಗ್ಗೆ ಎದ್ದು ಎರಡು ಡಬ್ಬಿ ಹುಳಿ ತುಂಬುವುದು. ಕೆಲಸ ಹೋದೀತೆಂಬ ಭಯ ಅವಳಿಗಿರಲಿಲ್ಲ, ಹೆಸರು ಕೆಟ್ಟೀತೆಂಬ ಭಯ ಇತ್ತು, ಆದರೆ ಅದೂ ದೊಡ್ಡದಲ್ಲ. ಹೇಳಿದರೆ ಈ ಹುಡುಗಿ ನಾಳೆಯಿಂದ ಪಕ್ಕದಲ್ಲಿ ಕೂರುವುದಿಲ್ಲ. ಹೇಳದಿದ್ದರೂ ಜನವರಿಗೆ ಕೆಲಸ ಬಿಟ್ಟು ಹೋಗುತ್ತಾಳೆ, ಆದರೆ ಹೋಗುವಾಗ ಅಪ್ಪಿಕೊಂಡು ಅತ್ತು ಹೋಗುತ್ತಾಳೆ. ಇಂಥದ್ದನ್ನೆಲ್ಲ ಅಳೆದು ತೂಗುತ್ತಿದ್ದೇನಲ್ಲ ಎಂದು ಸರಸಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಒಂದು ದಿನ ಧೈರ್ಯ ಮಾಡಿ ಕಮಲಾಕರರ ಕೋಣೆಗೆ ಹೋದಳು.

"ಸಾರ್, ಒಳಗೆ ನನ್ನ ಕೈಯಿಂದಾನೇ ಏನಾದ್ರೂ ಆಗಿರಬಹುದು."

ಅವರು ಕನ್ನಡಕದ ಮೇಲಿಂದ ನೋಡಿ ನಕ್ಕರು. "ಆ ಹುಡುಗೀನ ಉಳಿಸೋದಕ್ಕೆ ನಿಮ್ಮ ಮೇಲೆ ಹಾಕ್ಕೋತಿದೀರಾ? ನಿಮ್ಮದು ಒಳ್ಳೇ ಮನಸ್ಸು ಸರಸಾ. ಆದ್ರೆ ಇಪ್ಪತ್ತಮೂರು ವರ್ಷದಲ್ಲಿ ನಿಮ್ಮ ಕೈಯಿಂದ ಏನೂ ಆಗಿಲ್ಲ."

ಇನ್ನೊಂದು ಮಾತು ಆಡಿದ್ದರೆ ಸಾಕಿತ್ತು. ಕುಂಕುಮ ಎಂಬ ಮೂರೇ ಅಕ್ಷರ. ಅದರ ಬದಲು ಅವಳು ತಲೆಯಾಡಿಸಿ ಹೊರಗೆ ಬಂದಳು, ಬಂದವಳಿಗೆ ಎದೆಯ ಭಾರ ಇಳಿದಂತಾಯಿತು. ಹೇಳಿದ್ದಾಯಿತು, ಅವರು ನಂಬಲಿಲ್ಲ, ಇದರಲ್ಲಿ ನನ್ನದೇನು ತಪ್ಪು ಎಂದು ಮೆಟ್ಟಿಲಿಳಿಯುವ ತನಕ ಸಮಾಧಾನ ಮಾಡಿಕೊಂಡಳು. ಕೆಳಗೆ ಹರ್ಷಿಣಿ ಹೊಸ ರಬ್ಬರ್ ಬಳೆಯ ಪೊಟ್ಟಣ ಹಿಡಿದು ನಿಂತಿದ್ದಳು. ಸಮಾಧಾನ ಅಲ್ಲಿಗೇ ಮುಗಿಯಿತು.

ಜನವರಿ ಎರಡನೆಯ ವಾರ ಕ್ಸೆನಾನನ್ನು ಸಿಲಿಂಡರಿಗೆ ವಾಪಸ್ ಎಳೆದುಕೊಂಡು ಪೆಟ್ಟಿಗೆ ತೆರೆದರು. ಚೌಕಟ್ಟನ್ನು ಹೊರತೆಗೆದು ಒರೆಸುವ ಕೆಲಸ ಸರಸಳದ್ದೇ. ಗಾಜಿನ ಬಾಗಿಲೊಳಗೆ ಅವಳೊಬ್ಬಳು. ಗಾಜಿನ ಆಚೆ ಹರ್ಷಿಣಿ, ಕಮಲಾಕರ, ವರ್ಕ್‌ಶಾಪಿನ ಇಬ್ಬರು. ಚೌಕಟ್ಟನ್ನು ಓರೆ ಮಾಡಿದ ಕೂಡಲೇ ಮೂಲೆಯಲ್ಲಿ ಬೊಟ್ಟು ಕಂಡಿತು. ಬಿಸಿಗೆ ಕಂದಿ ಇಟ್ಟಿಗೆಪುಡಿಯ ಬಣ್ಣಕ್ಕೆ ತಿರುಗಿತ್ತು, ಸುತ್ತ ಎಣ್ಣೆ ಹರಡಿದ ಹಳದಿ ಕಲೆ. ಅವಳ ಕೈಯಲ್ಲಿ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಇತ್ತು. ಹೊರಗಿನವರಿಗೆ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಒಂದು ಸಲ ಒರೆಸಿದರೆ ಸಾಕು, ಪೆಟ್ಟಿಗೆ ಗುಣವಾಗುತ್ತದೆ, ಬಲೂನು ಹಾರುತ್ತದೆ, ರಬ್ಬರ್ ಬಳೆ ಬದಲಾಯಿಸಿದ್ದಕ್ಕೆ ಸರಿಹೋಯಿತು ಎಂದು ಎಲ್ಲರೂ ಒಪ್ಪಿಕೊಳ್ಳುತ್ತಾರೆ. ತಪ್ಪು ಹರ್ಷಿಣಿಯ ಹೆಸರಿನಲ್ಲಿ ಕಡತದೊಳಗೆ ಸೇರಿಕೊಳ್ಳುತ್ತದೆ.

ಹತ್ತಿ ಬೊಟ್ಟಿನ ಹತ್ತಿರ ಹೋಯಿತು. ಸರಸಳ ಕೈ ನಡುಗಿತು. ಅವಳು ಹತ್ತಿಯನ್ನು ತಟ್ಟೆಯಲ್ಲಿಟ್ಟಳು, ಎರಡೂ ಕೈಯಲ್ಲಿ ಚೌಕಟ್ಟನ್ನು ಎತ್ತಿ ತಿರುಗಿ ಗಾಜಿಗೆ ಹಿಡಿದಳು.

ಹರ್ಷಿಣಿ ಮೊದಲು ಮುಗುಳ್ನಕ್ಕಳು, ಯಾವುದೋ ತಂತಿ ತೋರಿಸುತ್ತಿದ್ದಾರೆ ಎಂದುಕೊಂಡು. ಆಮೇಲೆ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಂದಳು. ಅವಳ ನಗು ಅಲ್ಲೇ ನಿಂತಿತು.

ಕಮಲಾಕರ ಬಾಗಿಲಿಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ. "ಯಾವತ್ತು?"

"ಆಯುಧಪೂಜೆ ದಿನ ಸಾರ್. ಎಣ್ಣೇಲಿ ಕಲಸಿದ ಕುಂಕುಮ. ಸೀಲಲ್ಲಿ ಏನೂ ತಪ್ಪಿಲ್ಲ."

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೊಟ್ಟು ಒರೆಸಿಬಿಡಿ, ಆ ಮೂಲೆಯ ನಾಲ್ಕು ತಂತಿ ಹೊಸದಾಗಿ ಕಟ್ಟಿಬಿಡಿ, ಹಾರುವುದಕ್ಕೆ ಇನ್ನೂ ಎರಡು ತಿಂಗಳಿದೆ ಎಂದರು. ಅಂದು ಸಂಜೆಯೇ ಹರ್ಷಿಣಿಯ ಹುದ್ದೆಗೆ ಪತ್ರ ಬರೆದರು ಎಂದು ಮಾರನೆಯ ದಿನ ಗೊತ್ತಾಯಿತು.

ಹರ್ಷಿಣಿ ಕಲ್ಲುಬೆಂಚಿನ ಹತ್ತಿರ ಬಂದಳು, ಕೂರಲಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು ಆಂಟಿ? ಇವತ್ತಾ?"

ಇವತ್ತೇ ಎನ್ನಬಹುದಿತ್ತು. ಹುಡುಗಿ ನಂಬುತ್ತಿದ್ದಳು, ನಂಬಲು ಕಾದು ನಿಂತಿದ್ದಳು.

"ಮೀಟಿಂಗ್ ದಿನಾನೇ," ಎಂದಳು ಸರಸ.

"ಮೀಟಿಂಗ್ ದಿನ." ಹರ್ಷಿಣಿ ಬೆರಳು ಮಡಿಸಿ ಎಣಿಸಿದಳು. "ನಾಲ್ಕು ವಾರ. ನಾಲ್ಕು ವಾರ ನಾನು ಇಲ್ಲಿ ಕೂತು ಅತ್ತೆ. ನೀವು ಹುಳಿ ಹಾಕಿಕೊಟ್ಟು, ಏನೂ ಆಗಲ್ಲ ಬಿಡು ಮಗೂ ಅಂದ್ರಿ." ಅವಳ ದನಿ ಏರಲೇ ಇಲ್ಲ. "ನೀವು ಕುಂಕುಮ ಇಟ್ಟಿದ್ದಕ್ಕೆ ನನಗೆ ಕೋಪ ಇಲ್ಲ ಆಂಟಿ. ಯಾರು ಬೇಕಾದ್ರೂ ಇಡ್ತಾರೆ. ಈ ನಾಲ್ಕು ವಾರ ಮಾತ್ರ ನನಗೆ ಅರ್ಥ ಆಗಲ್ಲ."

"ನೀನು ಬರೋದು ನಿಲ್ಲಿಸ್ತೀಯ ಅಂತ ಹೆದರಿಕೊಂಡೆ ಕಣೇ," ಎಂದಳು ಸರಸ. ಐವತ್ತೊಂದು ವರ್ಷದಲ್ಲಿ ಇಷ್ಟು ನಿಜವಾದ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ, ಹೇಳಿದ ಮೇಲೆ ಅದು ಕಿವಿಗೆ ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ನೆಲ ನೋಡುತ್ತ ಕೂತಳು. ಹರ್ಷಿಣಿ ಕ್ಯಾಂಟೀನಿನ ಕಡೆ ಹೋದಳು. ಮರುದಿನ ವರಾಂಡದಲ್ಲಿ ಎದುರಾದಾಗ ಗುಡ್ ಮಾರ್ನಿಂಗ್ ಮೇಡಂ ಎಂದಳು. ಆಂಟಿ ಎನ್ನಲಿಲ್ಲ. ಕೆಲಸದ ಮಾತೆಲ್ಲ ಇಂಗ್ಲಿಷಿನಲ್ಲಿ, ಚೊಕ್ಕವಾಗಿ, ಒಂದು ಅಗೌರವದ ಶಬ್ದವಿಲ್ಲದೆ ನಡೆಯಿತು. ಒಂದು ವಾರ ಸರಸ ಎರಡು ಡಬ್ಬಿ ತಂದಳು, ಆಮೇಲೆ ನಿಲ್ಲಿಸಿದಳು.

ಪೆಟ್ಟಿಗೆ ಗುಣವಾಯಿತು. ಫೆಬ್ರುವರಿ ಕೊನೆಗೆ ಶಿಖರ ಮತ್ತೆ ನೆಟ್ಟಗೆ ಎದ್ದಿತು, ಮೊದಲಿಗಿಂತಲೂ ಕಡಿದಾಗಿ. ಹೈದರಾಬಾದಿಗೆ ಹೊರಡುವಾಗ ಕಮಲಾಕರ ಕೇಳಿದರು, "ಕೊನೇ ಪೆಟ್ಟಿಗೆ ಸರಸಾ, ನೀವು ಒಂದು ಸಲಾನೂ ಬಲೂನು ಏರೋದು ನೋಡಿಲ್ಲ. ಜೀಪಲ್ಲಿ ಜಾಗ ಇದೆ, ಬರ್ತೀರಾ?" ಆ ಜೀಪಿನಲ್ಲಿ ಹರ್ಷಿಣಿಯ ಪಕ್ಕ ಹದಿನಾಲ್ಕು ಗಂಟೆ ಕೂರಬೇಕು. ಸೊಂಟ ನೋವು ಸಾರ್ ಎಂದಳು ಸರಸ.

ಹಾರುವ ದಿನ ಅವಳು ಏಳೂವರೆಗೇ ಸಂಸ್ಥೆಗೆ ಬಂದು ಕಮಲಾಕರರ ಕೋಣೆಯಲ್ಲಿ ಫೋನಿನ ಮುಂದೆ ಕೂತಳು. ಗುಡಿಸುವ ಕರಿಯಮ್ಮ ಒಳಗೆ ಬಂದು, ಏನು ಮೇಡಂ ಇಷ್ಟು ಬೇಗ ಎಂದು ತಮಿಳಿನಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಗುಡಿಸಿಕೊಂಡು ಹೋದಳು. ಒಂಬತ್ತು ಕಾಲಿಗೆ ಫೋನು ಬಂತು.

"ಮೇಲೆ ಹೋಯ್ತು ಸರಸಾ!" ಕಮಲಾಕರ ಚಿಕ್ಕ ಹುಡುಗನ ಹಾಗೆ ಕೂಗುತ್ತಿದ್ದರು. "ಪೆಟ್ಟಿಗೇನ ಸಿಗ್ನಸ್ ನಕ್ಷತ್ರದ ಕಡೆ ತಿರುಗಿಸಿದ್ವಿ, ಎಣಿಕೆ ಏರಿತು. ಆ ಕಡೆ ಈ ಕಡೆ ತಿರುಗಿಸಿದ್ರೆ ಇಳಿಯತ್ತೆ, ವಾಪಸ್ ತಂದ್ರೆ ಏರತ್ತೆ. ಅರವತ್ತನಾಲ್ಕು ತಂತೀಲಿ ಒಂದೂ ಕೆಟ್ಟಿಲ್ಲ. ಕೇಳಿಸ್ತಾ? ಒಂದೂ ಕೆಟ್ಟಿಲ್ಲ."

"ಕೇಳಿಸ್ತು ಸಾರ್."

ಅವರ ಹಿಂದೆ ಗದ್ದಲ, ಚಪ್ಪಾಳೆ, ಅದರ ಮಧ್ಯೆ ಹರ್ಷಿಣಿಯ ನಗು. ಎರಡು ತಿಂಗಳಾಗಿತ್ತು ಆ ನಗು ಕೇಳಿ.

"ಹರ್ಷಿಣಿಗೆ ಕೊಡ್ತೀನಿ ಇರಿ," ಎಂದ ಕಮಲಾಕರ ದೂರದಲ್ಲಿ ಅವಳ ಹೆಸರು ಕೂಗಿದರು. ನಗು ನಿಂತಿತು. ಸರಸ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು. ಯಾರೋ ಮೆಲ್ಲಗೆ ಏನೋ ಹೇಳಿದರು. ಕಮಲಾಕರ ಮತ್ತೆ ಬಂದರು, ಈ ಸಲ ದನಿ ತಗ್ಗಿಸಿ. "ಅವಳು ರೀಡಿಂಗ್ ನೋಡ್ತಿದಾಳೆ ಸರಸಾ. ಆಮೇಲೆ ಮಾಡಿಸ್ತೀನಿ."

"ಪರವಾಗಿಲ್ಲ ಸಾರ್. ಕೆಲಸ ನೋಡಲಿ."

ಫೋನಿಟ್ಟಳು. ಸಂತೋಷವಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಎದೆ ತುಂಬಿ ಕಣ್ಣಿಗೆ ಬಂದಿತ್ತು. ತಾನು ಕಟ್ಟಿದ ತಂತಿಗಳು ಮೋಡಕ್ಕಿಂತ ಎಷ್ಟೋ ಮೇಲೆ, ಕಣ್ಣಿಗೆ ಕಾಣದ ಬೆಳಕಿಗೆ ಒಂದೊಂದಾಗಿ ಮಿಡಿಯುತ್ತಿವೆ. ಈಗಿಂದೀಗಲೇ ಇದನ್ನು ಹೇಳಿಕೊಳ್ಳದಿದ್ದರೆ ಇರಲಾರೆ ಅನ್ನಿಸಿತು. ಹೇಳಬೇಕು ಅನ್ನಿಸಿದ್ದು ಒಬ್ಬಳಿಗೇ, ಅವಳಿಗೆ ಅದು ಆಗಲೇ ಗೊತ್ತಿತ್ತು.